ಪಟದ ಮೇಲಿನ ನ್ಯಾಯ: ಚದುರಂಗದ ಸಂದಿಗ್ಧ ನಿಯಮಗಳು

ಆಟವೆಂದರೆ ಕಾಲ ಕಳೆಯುವ ಸಾಧನವೆಂದು ಬಗೆಯುವವರುಂಟು. ಆದರೆ ಆಟದ ಪಟವನ್ನು ಹಾಸಿದೊಡನೆ ಅಲ್ಲೊಂದು ಚಿಕ್ಕ ರಾಜ್ಯವೇ ಏರ್ಪಡುತ್ತದೆ. ಆ ರಾಜ್ಯಕ್ಕೆ ಕಾಯಿದೆಯುಂಟು; ಕಾಯಿದೆಯ ಮಾತಿಗೆ ಎರಡರ್ಥ ಬಂದಾಗ ವ್ಯಾಜ್ಯವುಂಟು; ವ್ಯಾಜ್ಯ ತೀರಿಸಬೇಕಾದ ಹಿರಿಯರೂ ಉಂಟು.

ಇಂಥ ವ್ಯಾಜ್ಯಗಳಲ್ಲಿ ನಮಗೆ ಚಿರಪರಿಚಿತವಾದುದು ಮಹಾಭಾರತದ ದ್ಯೂತಸಭೆಯದು. ಧರ್ಮರಾಯನು ಮೊದಲು ತನ್ನನ್ನೇ ಪಣವಾಗಿ ಒಡ್ಡಿ ಸೋತನು. ಅನಂತರ ದ್ರೌಪದಿಯನ್ನು ಒಡ್ಡಿದನು. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ಆಕೆ ಸಭೆಯನ್ನು ಕೇಳಿದಳು. ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮರು ತೀರ್ಪು ಕೊಡದೆ ಉಳಿದರು. ಆಕೆಯನ್ನು ಗೆದ್ದಂತಾಗಲಿಲ್ಲವೆಂದು ಸ್ಪಷ್ಟವಾಗಿ ನುಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ತೀರ್ಪು ನೀಡಬೇಕಾದವರು ನೀಡದೆ ಉಳಿದರೆ ಆಟವು ಯಾವ ಅನರ್ಥಕ್ಕೆ ತಿರುಗಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನಿಯಮದ ಮಾತನ್ನು ಬಿಡಿಸಿ ಅರ್ಥ ಹೇಳುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. 'ಸಪಿಂಡ' ಎಂಬ ಶಬ್ದದಲ್ಲಿ ಪಿಂಡವೆಂದರೆ ಶ್ರಾದ್ಧದ ಅನ್ನದುಂಡೆಯೋ ಅಥವಾ ದೇಹವೋ ಎಂಬ ಪ್ರಶ್ನೆಗೆ, ದೇಹವೆಂದೇ ಅರ್ಥ, ಒಂದೇ ದೇಹದ ಅಂಶವನ್ನು ಹಂಚಿಕೊಂಡವರೇ ಸಪಿಂಡರು ಎಂದು ಆತನು ನಿರ್ಣಯಿಸಿದನು. ಬಂಗಾಳದ ಜೀಮೂತವಾಹನನು ಪಿಂಡದಾನದ ಸಂಬಂಧವನ್ನೇ ಹಿಡಿದನು. ಒಂದೇ ಶಬ್ದದ ಅರ್ಥಭೇದದಿಂದ ಮನೆತನಗಳ ವಾರಸುದಾರಿಕೆಯ ಕ್ರಮವೇ ಬೇರೆಯಾಯಿತು. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ 'ಮಾನಸೋಲ್ಲಾಸ'ವನ್ನು ರಚಿಸಿ, ಅದರ ಕ್ರೀಡಾಭಾಗದಲ್ಲಿ ಚದುರಂಗ, ಪಗಡೆ, ಕವಡೆಯಾಟಗಳಿಗೆ ಸ್ಥಾನ ಕೊಟ್ಟನು. ತಂದೆಯ ಕಾಲದಲ್ಲಿ ಆಸ್ತಿಯ ನಿಯಮಕ್ಕೆ ವ್ಯಾಖ್ಯಾನ ಹುಟ್ಟಿತು. ಮಗನ ಕಾಲದಲ್ಲಿ ಆಟವೂ ಶಾಸ್ತ್ರಗ್ರಂಥದೊಳಗೆ ಬಂದಿತು.

ಆದರೂ ಜನಸಾಮಾನ್ಯರ ಚದುರಂಗವು ಗ್ರಂಥಕ್ಕಿಂತ ರೂಢಿಯನ್ನೇ ನಂಬಿ ನಡೆಯಿತು. ದೇಶೀ ಪದ್ಧತಿಯಲ್ಲಿ ಪ್ಯಾದೆಗೆ ಸಾಮಾನ್ಯವಾಗಿ ಒಂದೇ ಮನೆಯ ನಡೆ. ಇಂದಿನ ಕೋಟೆ ಕಟ್ಟುವ ಕ್ರಮದ ಬದಲು, ರಾಜನು ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದಿತ್ತು. ಆದರೆ ಅದಕ್ಕೆ ಮೊದಲು ಅವನಿಗೆ ಶಹ ಬಿದ್ದಿರಬಾರದು. ಕೊನೆಯ ಸಾಲು ಮುಟ್ಟಿದ ಪ್ಯಾದೆಯು ಆ ಮನೆಯ ಮೂಲ ಕಾಯಿಯಾಗುತ್ತಿತ್ತು: ಆನೆಯ ಮನೆಯಲ್ಲಿ ಆನೆ, ಒಂಟೆಯ ಮನೆಯಲ್ಲಿ ಒಂಟೆ. ಇಷ್ಟು ಹೇಳಿದೊಡನೆ ಪ್ರಶ್ನೆಗಳು ಏಳುತ್ತವೆ. ರಾಜನು ಜಿಗಿಯುವಾಗ ಎದುರಾಳಿಯ ಕಾಯಿಯನ್ನು ಹೊಡೆಯಬಹುದೇ? ರಾಜನ ಮನೆಯನ್ನೇ ಮುಟ್ಟಿದ ಪ್ಯಾದೆ ಏನಾಗಬೇಕು? ತನ್ನ ಎರಡೂ ಆನೆಗಳು ಪಟದಲ್ಲಿರುವಾಗ ಮೂರನೆಯದು ಹುಟ್ಟಬಹುದೇ? ಇವಕ್ಕೆ ಎಲ್ಲೆಡೆ ಒಂದೇ ಉತ್ತರವಿರಲಿಲ್ಲ. ಊರಿನಿಂದ ಊರಿಗೆ ರೂಢಿ ಬದಲಾಗುತ್ತಿತ್ತು. ಆದ್ದರಿಂದ ಪರವೂರಿನವನೊಡನೆ ಕೂಡುವ ಮೊದಲೇ ಕರಾರು ಮಾಡಿಕೊಳ್ಳುವುದು ಜಾಣತನವಾಗಿತ್ತು.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ಗೊಂದಲವಲ್ಲ. ಇಂಗ್ಲೆಂಡಿನಲ್ಲಿ 1862ರಲ್ಲಿ ರೂಪಿಸಿದ ನಿಯಮಾವಳಿಯು, ಕೊನೆಯ ಸಾಲು ತಲುಪಿದ ಪ್ಯಾದೆ ಬಡ್ತಿ ಪಡೆಯದೆ ಪ್ಯಾದೆಯಾಗಿಯೇ ಉಳಿಯಲು ಅವಕಾಶ ಕೊಟ್ಟಿತ್ತು. ಕೆಲವರು ಇದನ್ನು ಅಸಂಗತವೆಂದರು. ಜಗಜ್ಜೇತ ಸ್ಟೈನಿಟ್ಸ್ 1889ರ ತನ್ನ ಪುಸ್ತಕದಲ್ಲಿ ಇದನ್ನು ಸಮರ್ಥಿಸಿದನು. ಮುಂದೆ ಆ ನಿಯಮವೇ ಮರೆಯಾಯಿತು.

ದೇಶೀ ಪದ್ಧತಿಯಲ್ಲಿ ಪಳಗಿದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಪಾಶ್ಚಾತ್ಯ ನಿಯಮಗಳನ್ನು ತಡವಾಗಿ ಕಲಿತರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ಬುದ್ಧಿಯು ಯಾವುದೋ ಒಂದು ನಿಯಮಾವಳಿಯ ಸ್ವತ್ತಲ್ಲವೆಂಬುದನ್ನು ಆತನ ಗೆಲವು ತೋರಿಸಿತು. 1951ರಲ್ಲಿ ಅಖಿಲ ಭಾರತ ಚೆಸ್ ಒಕ್ಕೂಟ ಸ್ಥಾಪನೆಯಾಯಿತು. 1955ರಲ್ಲಿ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಜರುಗಿತು. ಕ್ರಮೇಣ ಅಂತಾರಾಷ್ಟ್ರೀಯ ನಿಯಮವೇ ಎಲ್ಲೆಡೆ ನೆಲೆಯೂರಿತು. ನಮ್ಮ ಜಿಲ್ಲಾಸ್ಥಳವಾದ ಸಾಂಗಲಿಯಲ್ಲಿ ನೂತನ ಬುದ್ಧಿಬಳ ಮಂಡಳ ಹಾಗೂ ಭಾವುಸಾಹೇಬ ಪಡಸಲಗೀಕರರು ಈ ಆಟವನ್ನು ತಲೆಮಾರುಗಳ ಮಕ್ಕಳಿಗೆ ಮುಟ್ಟಿಸಿದರು.

ಏಕರೂಪದ ನಿಯಮದಿಂದ ಲಾಭವಾಗಿದೆ, ಸಂಶಯವಿಲ್ಲ. ಜತ್ತದ ಹುಡುಗಿಯೊಬ್ಬಳು ಇಂದು ಜಗತ್ತಿನ ಯಾವ ಮೂಲೆಯವರೊಡನೆಯೂ ವಾದವಿಲ್ಲದೆ ಆಡಬಲ್ಲಳು. ಆದರೂ ವ್ಯಾಖ್ಯಾನದ ಕೆಲಸ ಮುಗಿದಿಲ್ಲ. ಎಲ್ಲ ಸಂದರ್ಭಗಳನ್ನೂ ನಿಯಮಗಳು ಒಳಗೊಳ್ಳಲಾರವು. ಹೇಳದೆ ಬಿಟ್ಟ ಸಂಗತಿ ಎದುರಾದಾಗ ಅದನ್ನು ಹೋಲುವ ಸಂದರ್ಭಗಳನ್ನು ನೋಡಿ ನಿರ್ಣಯಿಸಬೇಕು ಎಂದು ಅಂತಾರಾಷ್ಟ್ರೀಯ ಒಕ್ಕೂಟದ ನಿಯಮಾವಳಿಯ ಪೀಠಿಕೆಯೇ ಒಪ್ಪಿಕೊಂಡಿದೆ. ನಮ್ಮ ಶಾಸ್ತ್ರಕಾರರು ಹಿಡಿದ ದಾರಿಯೂ ಇದಕ್ಕೆ ದೂರವಾದುದಲ್ಲ. ಮಾತಿನ ಅರ್ಥ, ನಿಯಮದ ಉದ್ದೇಶ, ಹಿಂದಿನ ರೂಢಿ ಇವು ಮೂರನ್ನೂ ತೂಗಿ ನೋಡಬೇಕು. ಸೋಲು ಕಣ್ಣೆದುರಿಗೆ ಬಂದ ಮೇಲೆ ಹುಡುಕಿ ತೆಗೆದ ಅರ್ಥವನ್ನು ಮಾತ್ರ ಸಂಶಯದಿಂದಲೇ ಕಾಣಬೇಕು.

ಒಂದು ವಿನಂತಿಯಿದೆ. ಉಮದಿ, ಸಂಖ, ಗುಡ್ಡಾಪುರದ ಕಡೆಯ ನಮ್ಮ ಮನೆಗಳಲ್ಲಿ ಹಳೆಯ ಚದುರಂಗ, ಚೌಕಾಬಾರ, ಹುಲಿಯಾಟಗಳನ್ನು ಆಡಿದ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಕುಳಿತು ಆ ನಿಯಮಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಎಲ್ಲಿ ಪಂಗಡಗಳಾಗಿ ವಾದ ಬೀಳುತ್ತಿತ್ತು, ಅದನ್ನು ಯಾರು ಹೇಗೆ ಬಗೆಹರಿಸುತ್ತಿದ್ದರು ಎಂಬುದನ್ನೂ ತಪ್ಪದೆ ಕೇಳಿರಿ. ಕಾಯಿಗಳನ್ನು ಪೇಟೆಯಲ್ಲಿ ಕೊಳ್ಳಬಹುದು. ಬರೆದಿಡದ ರೂಢಿಯು ಒಮ್ಮೆ ಕಳೆದರೆ ಯಾವ ಪೇಟೆಯಲ್ಲೂ ದೊರೆಯದು.