ಬನವಾಸಿಯ ಸುತ್ತ ಉಳಿದ ಗರಸು ದಾರಿಗಳು

ಗ್ರಾವೆಲ್ ಬೈಕ್ ಎಂಬ ಸೈಕಲ್ಲು ಈಗ ಕರ್ನಾಟಕದಲ್ಲೂ ಅಲ್ಲಲ್ಲಿ ಕಾಣುತ್ತದೆ. ಹ್ಯಾಂಡಲ್ಲು ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ. ಟೈರು ಮಾತ್ರ 40 ಮಿಲಿಮೀಟರಿನ ಆಸುಪಾಸು ಅಗಲ, ಅದರೊಳಗೆ ಗಾಳಿ ಕಡಿಮೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ ಸ್ಪರ್ಧೆ ಈ ಆಟಕ್ಕೆ ಹೆಸರು ತಂದಿತು, 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಇದಕ್ಕೆ ತಕ್ಕ ದಾರಿ ನಮ್ಮಲ್ಲಿ ಎಲ್ಲಿದೆ ಎಂದು ಕೇಳಿದರೆ ನಾನು ತೋರಿಸುವುದು ವರದಾ ದಂಡೆಯ ಬನವಾಸಿಯಿಂದ ದಕ್ಷಿಣಕ್ಕೂ ಪೂರ್ವಕ್ಕೂ ಹರಡಿದ ಸೀಮೆಯನ್ನು. ಸೊರಬ ತಾಲ್ಲೂಕಿನ ಹೊಸಬಾಳೆ, ಚಂದ್ರಗುತ್ತಿ, ಉದ್ರಿ, ಆನವಟ್ಟಿ, ಅಲ್ಲಿಂದಾಚೆಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ತಾಳಗುಂದ, ಬಂದಳಿಕೆ. ಇಲ್ಲಿ ಊರಿಂದೂರಿಗೆ ಇನ್ನೂ ಗರಸು ದಾರಿಗಳು, ಗಾಡಿ ಜಾಡುಗಳು ಉಳಿದಿವೆ. ಹಿಂದುಳಿದ ಸೀಮೆಯಾದ್ದರಿಂದ ಡಾಂಬರು ಬಂದಿಲ್ಲ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ದೊಡ್ಡ ರಾಜ್ಯದ ನಡುಮನೆಯಾಗಿದ್ದ ಸೀಮೆ ಇದು. ಆಮೇಲೆ ಬಂದ ಗಡಿಗಳು ಇದರ ದಾರಿಗಳನ್ನು ಮೂಲೆಗೆ ತಳ್ಳಿದವು, ಮೂಲೆಗೆ ಬಿದ್ದದ್ದರಿಂದಲೇ ಅವು ಉಳಿದುಕೊಂಡವು.

ಮೊದಲು ನೆಲದ ಲೆಕ್ಕ ನೋಡೋಣ. ಬನವಾಸಿಗೂ ಬಳ್ಳಿಗಾವಿಗೂ ನೇರ ಗೆರೆ ಎಳೆದರೆ ಮೂವತ್ತು ಕಿಲೋಮೀಟರು ತುಂಬುವುದಿಲ್ಲ. ಕದಂಬರ ರಾಜಧಾನಿ ಆ ತುದಿಯಲ್ಲಿ; ಅವರ ವಂಶದ ಕಥೆ ಹೇಳುವ ಸ್ತಂಭಶಾಸನ ಈ ತುದಿಯ ತಾಳಗುಂದದಲ್ಲಿ. ಐದನೇ ಶತಮಾನದ ನಡುವಿನಲ್ಲಿ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಆ ಶಾಸನದ ನೆಪ ಒಂದು ಕೆರೆ: ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಪ್ರಣವೇಶ್ವರ ಗುಡಿಯ ಬಳಿ ಕಟ್ಟಿಸಿದ್ದು. ಅದಕ್ಕೂ ಹಿಂದಿನ ಸಾತಕರ್ಣಿ ಎಂಬ ದೊರೆಯ ಪ್ರಾಕೃತ ಶಾಸನ ಇದೇ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿದೆ. ಚಾಲುಕ್ಯರ ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರದ, ಎಂದರೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ, ಆಡಳಿತ ಬಳ್ಳಿಗಾವಿಯಿಂದ ನಡೆಯಿತು. ಅದರ ಒಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮುಂತಾದ ಸಣ್ಣ ನಾಡುಗಳಿದ್ದವು. ರಾಜಧಾನಿ ಒಂದು ಕಡೆ, ಕಚೇರಿ ಇನ್ನೊಂದು ಕಡೆ, ನಡುವೆ ನಾಡಿನ ಮುಖ್ಯಸ್ಥರಾದ ನಾಳ್ಗಾವುಂಡರ ಊರುಗಳು: ಇಷ್ಟು ಹತ್ತಿರ ಹತ್ತಿರ ಹೆಣೆದುಕೊಂಡ ಆಡಳಿತ ದಿನನಿತ್ಯ ಓಡಾಡುವ ದಾರಿಗಳಿಲ್ಲದೆ ನಡೆಯುವಂಥದ್ದಲ್ಲ.

ದಾರಿಯಲ್ಲಿ ಏನು ಸಾಗುತ್ತಿತ್ತು ಎನ್ನುವುದಕ್ಕೂ ಸಾಕ್ಷಿ ಕಲ್ಲಿನ ಮೇಲೇ ಇದೆ. ಬಳ್ಳಿಗಾವಿಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹುಟ್ಟುವಳಿಯನ್ನು ದೇವಸ್ಥಾನಗಳಿಗೆ ಬಿಟ್ಟುಕೊಟ್ಟ ಮಾತು ಬರುತ್ತದೆ. ಸುಂಕ ಇದೆ ಎಂದರೆ ಹೇರು ಇದೆ, ಹೇರು ಇದೆ ಎಂದರೆ ಎತ್ತು ಇದೆ. ಅಲ್ಲಿನ ಕೋಡಿಯ ಮಠದ 1162ರ ಶಾಸನವಂತೂ ಬೇರೆ ಬೇರೆ ಪಂಥದ ಭಿಕ್ಷುಗಳಿಗೆ, ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನವಿಕ್ಕುವ, ರೋಗಿಗಳಿಗೆ ಔಷಧ ಕೊಡುವ ಜಾಗವೆಂದು ಆ ಮಠವನ್ನು ಬಣ್ಣಿಸುತ್ತದೆ. ಹೊಗಳಿಕೆಯ ಪಾಲನ್ನು ಕಳೆದು ಓದಿದರೂ, ಅಷ್ಟು ಬಗೆಯ ಪರಸ್ಥಳದ ಜನ ಬಂದು ಹೋಗುತ್ತಿದ್ದ ಊರು ಅದೆಂಬುದು ನಿಲ್ಲುತ್ತದೆ. ಆಮೇಲಿನ ಶತಮಾನಗಳಲ್ಲಿ ಉಪ್ಪು, ಧಾನ್ಯ ಹೊತ್ತ ಎತ್ತುಗಳ ಹಿಂಡಿನೊಂದಿಗೆ ಊರೂರು ದಾಟುತ್ತಿದ್ದವರು ಲಂಬಾಣಿಗಳು. ಶಿಕಾರಿಪುರ ತಾಲ್ಲೂಕಿನಲ್ಲಿ ಇವತ್ತಿಗೂ ತಾಂಡಾಗಳು ಹೆಚ್ಚು. ಕೋಟೆ ಕಟ್ಟಿದವನ ಹೆಸರು ಉಳಿಯುತ್ತದೆ, ದಾರಿ ಸವೆಸಿದವನದು ಉಳಿಯುವುದಿಲ್ಲ; ಈ ಸೀಮೆಯ ಇತಿಹಾಸ ಬರೆದವರೂ ಎತ್ತಿನವರನ್ನು ಅಷ್ಟಾಗಿ ವಿಚಾರಿಸಿಲ್ಲ.

ಹಾಗಾದರೆ ಈ ಜಾಲ ಕಡಿದದ್ದು ಯಾವಾಗ? ಕೆಳದಿಯ ನಾಯಕರ ಕಾಲದವರೆಗೂ ಬನವಾಸಿ, ಚಂದ್ರಗುತ್ತಿ, ಕೆಳದಿ ಒಂದೇ ಓಡಾಟದ ಊರುಗಳು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ಶಿರಸಿಯ ಕಡೆಯಿಂದ ಬನವಾಸಿಗೆ ಬಂದು, ಚಂದ್ರಗುತ್ತಿಯ ಮೇಲೆ ಕೆಳದಿ, ಇಕ್ಕೇರಿಗೆ ಹೋದ. ಆದರೆ ಅವನು ಬರುವ ಹೊತ್ತಿಗಾಗಲೇ ನಕ್ಷೆ ಬದಲಾಗಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬನವಾಸಿ ಕಂಪನಿಯ ಕೆನರಾಕ್ಕೆ ಸೇರಿತು, ಸೊರಬ ಶಿಕಾರಿಪುರಗಳು ಮೈಸೂರಿಗೆ. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಅಲ್ಲಿಂದ ಮುಂದೆ ಆ ಕಡೆಯ ಮುಖ್ಯ ರಸ್ತೆಗಳು ಬಹುಮಟ್ಟಿಗೆ ಘಟ್ಟ ಇಳಿದು ಕುಮಟಾ ಬಂದರಿಗೆ, ಈ ಕಡೆಯವು ಶಿವಮೊಗ್ಗಕ್ಕೆ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಾಗ ಆ ಎಳೆತ ಇನ್ನೂ ಬಿಗಿಯಾಯಿತು. ಎರಡು ಸರಕಾರಗಳ ಅಂಚಿನಲ್ಲಿ ಬಿದ್ದ ದಾರಿಗೆ ಮೆಟಲ್ ಹಾಕಿಸುವ ಗರಜು ಯಾರಿಗಿತ್ತು? 1956ರಲ್ಲಿ ರಾಜ್ಯ ಒಂದಾಯಿತು, ಜಿಲ್ಲೆಯ ಗಡಿ ಮಾತ್ರ ಹಾಗೇ ಉಳಿಯಿತು. ಬನವಾಸಿಯವರ ಜಿಲ್ಲಾ ಕಚೇರಿ ಕಾರವಾರದಲ್ಲಿ, ವರದೆ ದಾಟಿದರೆ ಸಿಗುವ ಸೊರಬದವರದು ಶಿವಮೊಗ್ಗದಲ್ಲಿ.

ಇಲ್ಲೊಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ಈಗಿನ ಗರಸು ದಾರಿಯೇ ಕದಂಬರ ದಾರಿ ಎಂದು ಹೇಗೆ ಹೇಳುತ್ತೀರಿ? ಗಾಡಿ ಜಾಡು ಮಳೆಗಾಲಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ, ಜಂಬಿಟ್ಟಿಗೆಯ ನೆಲ ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ, ಆಷಾಢದಲ್ಲಿ ಬರೀ ರಾಡಿ. ಒಪ್ಪಿದೆ. ಒಂದೊಂದು ಮಾರನ್ನೂ ಅಳೆದು ಇದೇ ಆ ದಾರಿ ಎಂದು ಯಾರೂ ತೋರಿಸಲಾರರು, ತೋರಿಸುತ್ತೇನೆ ಎಂದವರನ್ನು ನಂಬಲೂಬಾರದು. ಆದರೆ ದಾರಿ ಎಷ್ಟು ಹೊರಳಿದರೂ ಮೂರು ಕಡೆ ಅದು ಕಟ್ಟುಬೀಳುತ್ತದೆ. ಒಂದು ಕೆರೆ ಏರಿ. ಗದ್ದೆ ಬಯಲಿನ ಸೀಮೆಯಲ್ಲಿ ಮಳೆಗಾಲಕ್ಕೂ ಒಣಗಿ ನಿಲ್ಲುವ ಎತ್ತರದ ದಾರಿ ಅದೊಂದೇ. ಏರಿ ಜಾಗ ಬಿಟ್ಟು ಕದಲುವುದಿಲ್ಲ. ಇನ್ನೊಂದು, ವರದಾ ದಂಡಾವತಿಗಳನ್ನು ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲೇ ದಾಟುವ ಜಾಗ. ಮೂರನೆಯದು ಕಾನು, ಎಂದರೆ ಊರ ಪಕ್ಕದ ದಟ್ಟ ಹಸುರು ಕಾಡು. ಸೊರಬದ ಕಾನುಗಳಲ್ಲಿ ಮೆಣಸು, ಬೈನೆ ಬೆಳೆಯುತ್ತಿದ್ದವು, ಊರವರು ಅವನ್ನು ಕಾಯ್ದುಕೊಂಡಿದ್ದರು. ಬ್ರಿಟಿಷ್ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಈ ಕಾನುಗಳ ಮೇಲೇ ಒಂದು ವರದಿ ಬರೆದರು. ಊರಿನಿಂದ ಕಾನಿಗೆ, ಕಾನಿನ ಅಂಚು ಹಿಡಿದು ಮುಂದಿನ ಊರಿಗೆ ಜನ ನಡೆದ ದಾರಿಗೆ ಬದಲಾಗಲು ಕಾರಣವೇ ಕಡಿಮೆ. ಇವುಗಳ ಜೊತೆಗೆ ವೀರಗಲ್ಲುಗಳನ್ನು ಇಟ್ಟು ನೋಡಿ. ಎರಡೂ ತಾಲ್ಲೂಕುಗಳಲ್ಲಿ ಅವು ರಾಶಿ ರಾಶಿ. ತುರುಗೊಳ್ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಅವುಗಳ ಮುಂದೆ ಬಿಲ್ಲು ಹಿಡಿದು ಅಡ್ಡ ನಿಂತ ವೀರ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಸನ್ನಿಧಿ. ದನಗಳ್ಳರನ್ನು ಅಡ್ಡಗಟ್ಟುವುದು ದನ ಹೊಡೆದುಕೊಂಡು ಹೋಗಬಲ್ಲ ದಾರಿಯಲ್ಲಿ. ಎಷ್ಟೋ ಕಲ್ಲುಗಳನ್ನು ಗುಡಿಯ ಅಂಗಳಕ್ಕೆ ಸಾಗಿಸಿದ್ದಾರೆ, ಅವು ಈ ಲೆಕ್ಕಕ್ಕೆ ಬರುವುದಿಲ್ಲ. ಗದ್ದೆ ಬದುವಿನಲ್ಲಿ, ಏರಿಯ ತುದಿಯಲ್ಲಿ ನೆಟ್ಟಲ್ಲೇ ನಿಂತಿರುವವು ಬರುತ್ತವೆ. ಶಾಸನತಜ್ಞ ಬಿ. ಎಲ್. ರೈಸ್ ಈ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಊರು ಊರಿನ ಲೆಕ್ಕದಲ್ಲಿ ಅಚ್ಚು ಹಾಕಿಸಿದ್ದಾರೆ. ಆ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ಸೈಕಲ್ ಹತ್ತಬಹುದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯದು. ಗರಸು ದಾರಿ ಹೊಗಳುವವರು ಪೇಟೆಯಿಂದ ಬಂದು ಸಂಜೆಗೆ ಹಿಂತಿರುಗುವವರು. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ, ಮಳೆಗಾಲದಲ್ಲಿ ಅಡಿಕೆ ಮೂಟೆ ಸಾಗಿಸಬೇಕಾದವರಿಗೆ ಬೇಕಾದ್ದು ಡಾಂಬರು. ಈ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇಲ್ಲ. ಊರಿನವರು ಕೇಳಿದ ರಸ್ತೆ ಆಗಲೇಬೇಕು. ನನ್ನ ತಕರಾರು ರಸ್ತೆ ಮಾಡುವ ಕ್ರಮದ ಮೇಲೆ ಮಾತ್ರ. ಏರಿಯನ್ನು ಅಗಲ ಮಾಡಲು ಜೆಸಿಬಿ ಬಂದ ದಿನ ಅಲ್ಲಿದ್ದ ಕಲ್ಲು ಪಕ್ಕದ ಹಳ್ಳಕ್ಕೆ ಬೀಳುತ್ತದೆ; ಅದು ಎಲ್ಲಿ ನಿಂತಿತ್ತು ಎಂಬುದು ಒಮ್ಮೆ ಅಳಿಸಿದರೆ ಮುಗಿಯಿತು, ಕಲ್ಲು ಸಿಕ್ಕಿದರೂ ದಾರಿ ಸಿಗುವುದಿಲ್ಲ.

ಸೈಕಲ್ಲಿನವರಿಂದ ಆಗುವ ಕೆಲಸ ಇಲ್ಲಿದೆ. ಕಾರು ಹೋಗದ, ನಡೆದರೆ ಮುಗಿಯದ ದೂರ ಇದು, ಮೊಬೈಲ್ ಇದ್ದವರ ಕೈಯಲ್ಲಿ ದಾರಿ ಗುರುತಿಸುವ ಸಲಕರಣೆಯೂ ಇದೆ. ಸುಗ್ಗಿ ಮುಗಿದು ನೆಲ ಗಟ್ಟಿಯಾದ ಮೇಲೆ ಬನವಾಸಿಯಿಂದ ಹೊರಡಿ, ಚಂದ್ರಗುತ್ತಿ, ಸೊರಬ, ಬಳ್ಳಿಗಾವಿ ನೋಡಿ ಆನವಟ್ಟಿಯ ಮೇಲೆ ತಿರುಗಿ ಬನ್ನಿ. ಏರಿ, ಹೊಳೆ ದಾಟುವ ಜಾಗ, ನಿಂತಲ್ಲೇ ನಿಂತ ವೀರಗಲ್ಲು ಕಂಡಲ್ಲಿ ಇಳಿದು ಗುರುತು ಹಾಕಿಕೊಳ್ಳಿ, ಕಲ್ಲನ್ನು ಮುಟ್ಟಿ ಕದಲಿಸಬೇಡಿ, ಆ ಗುರುತಿನ ಒಂದು ಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಗೆ ಕೊಟ್ಟು ಹೋಗಿ. ರಸ್ತೆಯ ಕಾಮಗಾರಿ ಮಂಜೂರಾಗುವುದು ಅಲ್ಲಿಗೆ ತಿಳಿದೇ.