ಗೊಮ್ಮಟಬೆಟ್ಟ, ದೀಪಸ್ತಂಭ, ಕಂಬಳದ ಕೆರೆ: ಚಲನೆಯ ವಿಜ್ಞಾನ ನಡೆದುಬಂದ ದಾರಿ

ಕಾರ್ಕಳದ ಬಂಡೆಗುಡ್ಡದ ಮೇಲೆ 42 ಅಡಿ ಎತ್ತರದ ಗೊಮ್ಮಟ ನೆಲೆನಿಂತದ್ದು 1432ರಲ್ಲಿ, ವೀರಪಾಂಡ್ಯನ ಕಾಲದಲ್ಲಿ. ತೂಕ ಸುಮಾರು 80 ಟನ್ ಎಂಬ ಅಂದಾಜಿದೆ. ಬೇರೆಡೆ ಕಡೆದ ಮೂರ್ತಿಯನ್ನು ಬಂಡಿಯ ಮೇಲಿಟ್ಟು ಬೆಟ್ಟಕ್ಕೆ ಎಳೆದು ತಂದ ಬಗೆಯನ್ನು ಚಂದ್ರಮ ಕವಿ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ. ನ್ಯೂಟನ್ ಹುಟ್ಟಲು ಆಗ ಇನ್ನೂ ಇನ್ನೂರು ವರ್ಷಗಳಿಗೂ ಮಿಗಿಲು ಬಾಕಿ. ಹಾಗಿದ್ದೂ ಎಳೆದವರ ಕೈಗೆ ಇಳಿಜಾರಿನ ಗುಟ್ಟು ಗೊತ್ತಿತ್ತು. ಹತ್ತಡಿ ನಡೆದರೆ ಒಂದಡಿ ಏರುವ ದಾರಿಯಲ್ಲಿ, ಘರ್ಷಣೆಯನ್ನು ಬದಿಗಿಟ್ಟರೆ, ತೂಕದ ಹತ್ತನೇ ಒಂದು ಪಾಲು ಬಲ ಸಾಕು. ಬದಲಿಗೆ ದಾರಿ ಹತ್ತುಪಟ್ಟು ಉದ್ದವಾಗುತ್ತದೆ. ಘರ್ಷಣೆ ಕಡಿಮೆ ಮಾಡುವ ಕೆಲಸ ಗಾಲಿಯದು. ಚಲನೆಯ ವಿಜ್ಞಾನದ ಮೊದಲ ಘಟ್ಟ ಇಂಥ ಕೈಯರಿವು.

ಪಾಠಶಾಲೆಯ ‘ವೇಗ’

ಎರಡನೆಯ ಘಟ್ಟ ಕಾರಣ ಕೇಳುವುದು. ಬಿಲ್ಲಿನಿಂದ ಬಿಟ್ಟ ಬಾಣ ಹೆದೆಯ ಸ್ಪರ್ಶ ತಪ್ಪಿದ ಮೇಲೂ ಏಕೆ ಹಾರುತ್ತದೆ? ವೈಶೇಷಿಕ ದರ್ಶನದವರ ಉತ್ತರ: ಮೊದಲ ನೂಕು ಬಾಣದಲ್ಲಿ ಒಂದು ಸಂಸ್ಕಾರವನ್ನು ಉಳಿಸುತ್ತದೆ, ಅದೇ ವೇಗ, ಅದು ಕ್ಷೀಣಿಸಿದಾಗ ಗುರುತ್ವದಿಂದ ಬಾಣ ಬೀಳುತ್ತದೆ. ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಕ್ಕೆ ಮೊದಲ ಪುಸ್ತಕವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ ಎಣಿಸುವ 24 ಗುಣಗಳಲ್ಲಿ ಗುರುತ್ವವೂ ಇದೆ, ಸಂಸ್ಕಾರವೂ ಇದೆ. ಯುರೋಪಿನಲ್ಲಿ 14ನೇ ಶತಮಾನದ ತತ್ತ್ವಜ್ಞಾನಿ ಬುರಿಡಾನ್ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ಯೋಚಿಸಿದ್ದ. ಪ್ರಶ್ನೆ ಸರಿಯಾಗಿತ್ತು, ಆದರೆ ಎಷ್ಟು ಹೊತ್ತಿಗೆ ಎಷ್ಟು ದೂರ ಎಂಬ ಲೆಕ್ಕ ಅದರೊಳಗೆ ಬಂದಿರಲಿಲ್ಲ.

ಅಳತೆಯ ಕಾಲ

ಆ ಲೆಕ್ಕ ತಂದವನು ಗೆಲಿಲಿಯೊ. ನೇರವಾಗಿ ಬೀಳುವ ವಸ್ತು ಅಳೆಯಲಾಗದಷ್ಟು ಬೇಗ ನೆಲ ಸೇರುತ್ತದೆಂದು ಅವನು ಇಳಿಜಾರಿನಲ್ಲಿ ಗುಂಡು ಉರುಳಿಸಿ, ಪಾತ್ರೆಗೆ ಸುರಿದ ನೀರನ್ನು ತೂಗಿ ಹೊತ್ತು ಅಳೆದ. ಸಮಾನ ಹೊತ್ತುಗಳಲ್ಲಿ ಗುಂಡು ಸಾಗುವ ದೂರ 1, 3, 5, 7ರ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ಫಲಿತಾಂಶ 1638ರ ಪುಸ್ತಕದಲ್ಲಿ ಬಂತು. ಕಾರ್ಕಳದವರು ಭಾರ ಏರಿಸಲು ಬಳಸಿದ ಇಳಿಜಾರೇ ಇಲ್ಲಿ ಪ್ರಯೋಗಶಾಲೆಯಾಯಿತು. 1687ರಲ್ಲಿ ನ್ಯೂಟನ್ ಪ್ರಶ್ನೆಯನ್ನೇ ತಿರುಗಿಸಿದ. ಚಲನೆ ಮುಂದುವರಿಯಲು ಕಾರಣ ಬೇಡ, ಅದು ಬದಲಾಗಲು ಬೇಕು. ಆ ಕಾರಣವೇ ಬಲ.

ಇವರಿಬ್ಬರ ಮಾತನ್ನು ಉಡುಪಿ ಬಳಿಯ ಕಾಪುವಿನ ಕಡಲತೀರದಲ್ಲಿ ನಿಂತು ನೋಡಬಹುದು. ಬಂಡೆಯ ಮೇಲಿನ ದೀಪಸ್ತಂಭ 1901ರದು, ಎತ್ತರ ಸುಮಾರು 27 ಮೀಟರ್. ಅದರ ತುದಿಯಿಂದ ಚೆಂಡೊಂದು ಜಾರಿತೆಂದು ಊಹಿಸಿ. ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7 ಮೀಟರ್, ಒಟ್ಟು 2.3 ಸೆಕೆಂಡು ಕಳೆಯುವಷ್ಟರಲ್ಲಿ ಅದು ಕೆಳಗೆ. ಅದೇ ಚೆಂಡನ್ನು ಕಡಲಿನತ್ತ ಅಡ್ಡಲಾಗಿ ಎಸೆದರೂ ಬೀಳಲು ಹಿಡಿಯುವುದು ಅಷ್ಟೇ ಹೊತ್ತು, ಬೀಳುವ ಜಾಗ ಮಾತ್ರ ದೂರ. ಇನ್ನೂ ಜೋರಾಗಿ ಎಸೆದರೆ ಇನ್ನೂ ದೂರ. ಭೂಮಿ ದುಂಡಗಿರುವುದರಿಂದ 8 ಕಿಲೋಮೀಟರ್ ಸಾಗುವಷ್ಟರಲ್ಲಿ ಅದರ ಮೈ ಸುಮಾರು 5 ಮೀಟರ್ ತಗ್ಗುತ್ತದೆ, ಚೆಂಡು ಮೊದಲ ಸೆಕೆಂಡಿನಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಗಾಳಿಯ ತಡೆಯಿಲ್ಲದೆ ಸೆಕೆಂಡಿಗೆ 8 ಕಿಲೋಮೀಟರ್ ಹೋಗುವ ಚೆಂಡು ಬೀಳುತ್ತಲೇ ಇರುತ್ತದೆ, ನೆಲ ಮುಟ್ಟುವುದೇ ಇಲ್ಲ.

ನ್ಯೂಟನ್ ಬೆಟ್ಟ ಮತ್ತು ಫಿರಂಗಿಯನ್ನಿಟ್ಟು ಹೇಳಿದ ಈ ಮಾತನ್ನು ನಿಜ ಮಾಡಿ ತೋರಿಸಿದವರಲ್ಲಿ ಒಬ್ಬರು ಇದೇ ಕಾಪು ತಾಲ್ಲೂಕಿನ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಅವರ ಮುಂದಾಳತನದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋ ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಕಕ್ಷೆ ಸೇರಿತು. ಭೂಮಿಗೆ ಒಂದು ಸುತ್ತು ಬರಲು ಅದಕ್ಕೆ ಸುಮಾರು 96 ನಿಮಿಷ ಸಾಕಿತ್ತು.

ಪದ ಹಳತು, ಅರ್ಥ ಹೊಸತು

ಈ ತಿಳಿವು ಕನ್ನಡಕ್ಕೆ ಬಂದದ್ದೂ ದೊಡ್ಡ ಪಯಣವೇ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 1918ರಲ್ಲಿ ‘ವಿಜ್ಞಾನ’ ಪತ್ರಿಕೆ ತಂದರು. ಕೋಟದ ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ಪಠ್ಯಪುಸ್ತಕ ಹಳೆಯ ಪದಗಳಿಗೆ ಹೊಸ ಅರ್ಥ ಕೊಟ್ಟಿತು. ತಾರ್ಕಿಕರ ‘ವೇಗ’ ಬಾಣದೊಳಗಿನ ಸಂಸ್ಕಾರ. ಒಂಬತ್ತನೇ ತರಗತಿಯ ‘ವೇಗ’ ದಿಕ್ಕುಳ್ಳ ಅಳತೆ. ದಿಕ್ಕು ಬಿಟ್ಟರೆ ಅದು ‘ಜವ’. ತಾರ್ಕಿಕರ ‘ಗುರುತ್ವ’ ಮಣ್ಣು, ನೀರುಗಳ ಗುಣ. ನಮ್ಮದು ಎಲ್ಲ ವಸ್ತುಗಳ ನಡುವಿನ ಸೆಳೆತ.

ಮಕ್ಕಳು ಹೆಚ್ಚು ಎಡವುವುದು ವೇಗ ಬದಲಾಗುವ ದರವಾದ ‘ವೇಗೋತ್ಕರ್ಷ’ದಲ್ಲಿ. ಉತ್ಕರ್ಷ ಎಂದರೆ ಏರಿಕೆ ತಾನೆ? ಮಣಿಪಾಲದಿಂದ ಉಡುಪಿಗೆ ಗಂಟೆಗೆ 36 ಕಿಲೋಮೀಟರ್‌ನಲ್ಲಿ ಇಳಿಯುವ ಬಸ್ಸು ಬ್ರೇಕ್ ಹಾಕಿ 4 ಸೆಕೆಂಡಿನಲ್ಲಿ ನಿಂತರೆ, ವೇಗ ಸೆಕೆಂಡಿಗೆ 10 ಮೀಟರ್‌ನಿಂದ ಸೊನ್ನೆಗೆ ಬಂತು. ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 2.5 ಮೀಟರ್‌ನಷ್ಟು ತಗ್ಗಿತು. ಇದೂ ವೇಗೋತ್ಕರ್ಷವೇ, ಋಣ ಚಿಹ್ನೆಯದು. ಕಂಬಿ ಹಿಡಿದು ನಿಂತವರು ಮುಂದಕ್ಕೆ ವಾಲುವುದು ಅವರ ಮೈಯ ಜಡತ್ವದಿಂದ.

ಕೆರೆಯ ಬದಿಯ ಪಾಠ

2020ರ ಫೆಬ್ರವರಿಯಲ್ಲಿ, ಕಾಪುವಿನ ಗಡಿಯಾಚೆಗಿನ ಐಕಳದ ಕಂಬಳದಲ್ಲಿ, ಅಂದರೆ ಕೆಸರು ಕೆರೆಯ ಕೋಣಗಳ ಓಟದಲ್ಲಿ, ಓಟಗಾರ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಸರಾಸರಿ ಸೆಕೆಂಡಿಗೆ 10.46 ಮೀಟರ್. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಉಸೇನ್ ಬೋಲ್ಟ್‌ರ ವಿಶ್ವದಾಖಲೆ 9.58ಕ್ಕೆ ಹೋಲಿಸಿದವರು ಬಹಳ. ಹೋಲಿಕೆ ಒಪ್ಪುವುದಿಲ್ಲ. ನಿಂತಲ್ಲಿಂದ ವೇಗ ಹಿಡಿಯುವ ನಿಧಾನದ ಹೊತ್ತು 100 ಮೀಟರ್ ಓಟದಲ್ಲಿ ದೊಡ್ಡ ಪಾಲು, 142.5 ಮೀಟರಿಗೆ ಹರಡಿದಾಗ ಅದರ ಪಾಲು ಕುಗ್ಗುತ್ತದೆ. ಮೇಲಾಗಿ ಇಲ್ಲಿ ಕೋಣಗಳ ಎಳೆತವೂ ಇದೆ. ಇದರಿಂದ ಗೌಡರ ಓಟದ ಬೆಲೆ ಕಡಿಮೆಯಾಗದು. ಸರಾಸರಿ ವೇಗಕ್ಕೂ ವೇಗೋತ್ಕರ್ಷಕ್ಕೂ ಇರುವ ಅಂತರವನ್ನು ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಈ ವಿದ್ಯೆ ಬೆಳೆದದ್ದು ಅಳತೆ ಬಂದ ಮೇಲೆ. ಶಾಲೆಯಲ್ಲೂ ಸೂತ್ರಕ್ಕೆ ಮೊದಲು ಅಳತೆ ಬರಲಿ. ಕಾರ್ಕಳದ ಮಿಯ್ಯಾರಿನಲ್ಲೋ ಕಟಪಾಡಿ ಬೀಡಿನಲ್ಲೋ ಕಂಬಳ ನೋಡಿ ಬಂದ ಮಕ್ಕಳು ಮರುದಿನ ಶಾಲೆಯ ಮೈದಾನದಲ್ಲಿ ಹತ್ತು ಹತ್ತು ಮೀಟರಿಗೆ ಸುಣ್ಣದ ಗೆರೆ ಎಳೆಯಲಿ. ಗೆರೆಗೊಬ್ಬರಂತೆ ಗಡಿಯಾರ ಹಿಡಿದು ನಿಂತು, ಓಡುವ ಗೆಳತಿ ದಾಟಿದ ಹೊತ್ತನ್ನು ಬರೆದುಕೊಳ್ಳಲಿ. ಮೊದಲ ಹತ್ತು ಮೀಟರಿಗೆ ಹಿಡಿದ ಹೊತ್ತು ಎರಡನೆಯ ಹತ್ತಕ್ಕಿಂತ ಹೆಚ್ಚೆಂದು ತಮ್ಮದೇ ಪಟ್ಟಿಯಲ್ಲಿ ಕಂಡ ದಿನ, ವೇಗೋತ್ಕರ್ಷ ಅವರಿಗೆ ಬಾಯಿಪಾಠದ ಪದವಾಗಿ ಉಳಿಯುವುದಿಲ್ಲ.