ದಾರಕ್ಕೆ ತೂಗಿದ ಮುಖಪುಟಗಳು

ಕನ್ನಡದ ವಾರಪತ್ರಿಕೆಯ ಹೆಸರು ಮುಖಪುಟದ ನೆತ್ತಿಯಲ್ಲೇ ಏಕಿರಬೇಕು ಎಂದು ಕೇಳಿದರೆ ಕಲಾವಿದರು ಅಂದದ ಕಾರಣ ಹೇಳಿಯಾರು. ಪತ್ರಿಕೆ ಮಾರುವವರ ಮನೆಯಲ್ಲಿ ಹುಟ್ಟಿದ ನಾನು ಹೇಳುವ ಕಾರಣ ಬೇರೆ: ಅಂಗಡಿಯ ದಾರ. ಸಾಗರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನಮ್ಮ ಅಪ್ಪಯ್ಯನ ಏಜೆನ್ಸಿ ಇತ್ತು. ಗೋಡೆಯಿಂದ ಗೋಡೆಗೆ ಸಾಲುಸಾಲು ದಾರ, ದಾರಕ್ಕೆ ಕ್ಲಿಪ್ಪು, ಕ್ಲಿಪ್ಪಿಗೆ ಪತ್ರಿಕೆ. ಮೇಲಿನ ಸಾಲಿನ ಪತ್ರಿಕೆಯ ಕೆಳಗಿನರ್ಧವನ್ನು ಮುಂದಿನ ಸಾಲು ಮುಚ್ಚಿಬಿಡುತ್ತಿತ್ತು. ಬಸ್ಸು ನಿಂತ ಐದು ನಿಮಿಷದಲ್ಲಿ ಕಿಟಕಿಯಿಂದ ಕಣ್ಣು ಹಾಯಿಸಿದವರಿಗೆ ಕಾಣುತ್ತಿದ್ದದ್ದು ಹೆಸರು, ಹೆಸರಿನ ಕೆಳಗೆ ಒಂದು ಹಣೆ, ಎರಡು ಕಣ್ಣು. ಅಷ್ಟರಲ್ಲೇ ವ್ಯಾಪಾರ ಆಗಬೇಕು. ಹೀಗಾಗಿ ಹೆಸರೂ ಕಣ್ಣೂ ಮೇಲಿನ ಮೂರನೇ ಒಂದು ಭಾಗದಲ್ಲಿ ಬಂದು ಕೂತವು. ಸೀರೆಯ ಸೆರಗು, ಕೈಯ ಬಳೆ, ಹಿಂದಿನ ತೋಟ ಇವೆಲ್ಲ ಕೊಂಡು ಮನೆಗೆ ಒಯ್ದವರ ಪಾಲಿಗೆ.

ಮಾರಾಟವಾಗದ ಪ್ರತಿಗಳಿದ್ದರೆ ಕೆಲವು ಪತ್ರಿಕೆಗಳಿಗೆ ಇಡೀ ಸಂಚಿಕೆ ವಾಪಸು ಕಳಿಸಬೇಕಾಗಿರಲಿಲ್ಲ. ಮುಖಪುಟದಿಂದ ಹೆಸರಿರುವ ಪಟ್ಟಿಯನ್ನಷ್ಟೇ ಕತ್ತರಿಸಿ, ಎಣಿಸಿ, ಕಟ್ಟಿ ಅಂಚೆಗೆ ಹಾಕಿದರೆ ಲೆಕ್ಕ ಚುಕ್ತಾ. ಆ ಕತ್ತರಿ ಕೆಲಸ ನನ್ನದು. ಹೆಸರಿನ ಪಟ್ಟಿ ಹೋದ ಮೇಲೆ ಉಳಿದ ಮುಖಗಳನ್ನು ನೋಡುತ್ತ ಕೂತಿರುತ್ತಿದ್ದೆ. ಮುಖಪುಟದ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಅಲ್ಲಿ. ಮುಂದೆ ಬೆಂಗಳೂರಿನಲ್ಲಿ ಒಂದು ವಾರಪತ್ರಿಕೆಯ ಕಲಾ ವಿಭಾಗದಲ್ಲಿ ಅದೇ ನನ್ನ ಅನ್ನವೂ ಆಯಿತು.

ದಾರಕ್ಕೆ ಬರುವ ಮೊದಲು ಕನ್ನಡ ಪತ್ರಿಕೆಗಳು ಅಂಚೆಯವನ ಚೀಲದಲ್ಲಿ ಬರುತ್ತಿದ್ದವು. ನಂಜನಗೂಡಿನ ತಿರುಮಲಾಂಬಾ ನಡೆಸಿದ ‘ಕರ್ನಾಟಕ ನಂದಿನಿ’, ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ದಶಕಗಳ ಕಾಲ ಹೊರತಂದ ‘ಸರಸ್ವತಿ’, 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ ಇವೆಲ್ಲ ಚಂದಾದಾರರ ಪತ್ರಿಕೆಗಳ ಕಾಲದವು. ಚಂದಾ ಕಟ್ಟಿದವರನ್ನು ಮುಖಪುಟ ಕೂಗಿ ಕರೆಯಬೇಕಾಗಿರಲಿಲ್ಲ. ಚಿತ್ರಕ್ಕೆ ಬ್ಲಾಕು ಮಾಡಿಸುವುದು ದುಬಾರಿ. ಒಮ್ಮೆ ಮಾಡಿಸಿದ ಬಳ್ಳಿಯ ಚೌಕಟ್ಟೋ ದೇವಿಯ ಚಿತ್ರವೋ ವರ್ಷಗಟ್ಟಲೆ ಬರುತ್ತಿತ್ತು. ತಿಂಗಳು, ಸಂಪುಟ, ಸಂಚಿಕೆಯ ಅಚ್ಚುಮೊಳೆ ಮಾತ್ರ ಬದಲಾಗುತ್ತಿತ್ತು. ಆ ಕಾಲದ ಮುಖಪುಟಗಳನ್ನು ಬಡವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವುಗಳಲ್ಲಿರುವ ಬಿಡುವು, ಅಕ್ಷರಕ್ಕೆ ಕೊಟ್ಟ ಮರ್ಯಾದೆ ಆಮೇಲೆ ನಮ್ಮ ಕೈಗೆ ಮತ್ತೆ ಸಿಕ್ಕಲಿಲ್ಲ.

ಚಿತ್ರವೇ ಮಾತಾಡತೊಡಗಿದ್ದು ನಲವತ್ತರ ದಶಕದಲ್ಲಿ. 1942ರಲ್ಲಿ ಡಾ. ಎಂ. ಶಿವರಾಂ ಅವರ ‘ಕೊರವಂಜಿ’ ಬಂತು. ಇನ್ನೂ ಹೆಸರಾಗಿರದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. 1949ರಲ್ಲಿ ಮದರಾಸಿನಿಂದ ಕನ್ನಡ ‘ಚಂದಮಾಮ’ ಬಂತು. ಎಲ್ಲ ಭಾಷೆಯ ಚಂದಮಾಮಕ್ಕೂ ಮುಖಪುಟದ ಚಿತ್ರ ಒಂದೇ, ನೆತ್ತಿಯ ಹೆಸರಷ್ಟೇ ಆಯಾ ಲಿಪಿಯಲ್ಲಿ. ಚಿತ್ರಕ್ಕೆ ಭಾಷೆ ಬೇಡ ಎಂಬುದನ್ನು ಮುದ್ರಣದ ಲೆಕ್ಕಾಚಾರವೇ ತೋರಿಸಿಕೊಟ್ಟಿತು: ಬಣ್ಣ ಒಮ್ಮೆ ಅಚ್ಚಾಗಲಿ, ಹೆಸರು ಆಮೇಲೆ ಬೀಳಲಿ. ಅಲ್ಲಿ ಮಹಾಭಾರತದ ಸನ್ನಿವೇಶಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಮುಂದೆ ಬೆಂಗಳೂರಿಗೆ ಬಂದು ಆಚಾರ್ಯ ಚಿತ್ರಕಲಾ ಭವನದಿಂದ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಶಾಲೆಗೆ ಹೋಗಿ ಕಲಿಯುವ ಅನುಕೂಲವಿಲ್ಲದ ಹಳ್ಳಿಯ ಹುಡುಗರ ಮನೆಗೂ ಪಾಠ ಹೋಯಿತು. ಕನ್ನಡ ಪತ್ರಿಕೆಗಳ ಚಿತ್ರಗಳಲ್ಲಿ ಇದರ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ. ಬರೆಯಬೇಕಾದವರು ಅದನ್ನು ಇನ್ನೂ ಸರಿಯಾಗಿ ಬರೆದಿಲ್ಲ.

ಆಮೇಲಿನದು ನಮ್ಮ ಅಂಗಡಿಯ ಕಾಲ. 1956ರಲ್ಲಿ ಹುಬ್ಬಳ್ಳಿಯಿಂದ ‘ಕಸ್ತೂರಿ’, 1965ರ ಜನವರಿಯಲ್ಲಿ ಬೆಂಗಳೂರಿನಿಂದ ‘ಸುಧಾ’, 1968ರಲ್ಲಿ ‘ಮಯೂರ’. ಹಳೆಯ ‘ಪ್ರಜಾಮತ’, ‘ಕರ್ಮವೀರ’ ಜೊತೆಗಿದ್ದೇ ಇದ್ದವು. ಪಾ.ವೆಂ. ಆಚಾರ್ಯರು ರೂಪಿಸಿದ ಕಸ್ತೂರಿ ಡೈಜೆಸ್ಟ್ ಅಳತೆಯದು, ದಾರಕ್ಕೆ ಹಾಕಿದರೆ ಕಾಣುತ್ತಿರಲಿಲ್ಲ. ಅಪ್ಪಯ್ಯ ಅದನ್ನು ಗಲ್ಲಾಪೆಟ್ಟಿಗೆಯ ಪಕ್ಕ ಜೋಡಿಸುತ್ತಿದ್ದರು. ಅದನ್ನು ಕೇಳುವವರು ಮುಖಪುಟ ನೋಡಿ ಬಂದವರಲ್ಲ, “ಕಸ್ತೂರಿ ಬಂತಾ ಮಾರಾಯ್ರೇ?” ಎಂದು ಕೇಳಿಕೊಂಡೇ ಬರುತ್ತಿದ್ದರು. ದಾರ ಬೇಕಾಗಿದ್ದದ್ದು ವಾರಪತ್ರಿಕೆಗೆ. ಅದು ಇಡೀ ಮನೆಯ ಪತ್ರಿಕೆ. ಅಜ್ಜನಿಗೆ ವಾರಭವಿಷ್ಯ, ಸೊಸೆಗೆ ಧಾರಾವಾಹಿ, ಮಕ್ಕಳಿಗೆ ಚಿತ್ರಕಥೆ, ಎಲ್ಲರಿಗೂ ಅಡುಗೆ. ಜಗಲಿಯ ಮೇಲೆ ಬಿದ್ದಿದ್ದರೂ ಯಾರ ಹುಬ್ಬೂ ಏರಬಾರದು. ಆದ್ದರಿಂದ ಮುಖಪುಟದ ಹೆಣ್ಣುಮಗಳು ಸೀರೆ ಉಟ್ಟಳು, ಕುಂಕುಮ ಇಟ್ಟಳು, ಮಲ್ಲಿಗೆ ಮುಡಿದಳು, ನೇರವಾಗಿ ನೋಡಿ ಮುಗುಳ್ನಕ್ಕಳು.

ಆ ಮುಖದ ಮೂಲ ಹುಡುಕಿ ಹೋದರೆ ರಾಜಾ ರವಿವರ್ಮನ ಅಚ್ಚಿನ ಚಿತ್ರಗಳು, ಅಲ್ಲಿಂದ ಇಳಿದು ಬಂದ ಕ್ಯಾಲೆಂಡರುಗಳು, ಸಿನಿಮಾ ಪೋಸ್ಟರು ಎದುರಾಗುತ್ತವೆ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಯಲ್ಲಿ ಪೋಸ್ಟರುಗಳಿಗೂ ‘ಫಿಲ್ಮ್ ಇಂಡಿಯಾ’ದ ಮುಖಪುಟಕ್ಕೂ ಬರೆದ ತಾರೆಯರ ಮುಖಗಳಲ್ಲಿ ಬೆಳಕು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಇಳಿಯುವ ರೀತಿಯನ್ನು ನೋಡಿ. ಎಪ್ಪತ್ತರ ದಶಕದ ಕನ್ನಡ ಮುಖಪುಟದ ಫೋಟೋಗಳಲ್ಲಿ ಸ್ಟುಡಿಯೋದವರು ದೀಪ ಇಟ್ಟದ್ದೂ ಹಾಗೆಯೇ.

ಮುಖವೇ ಏಕೆ, ಆ ವಾರದ ಸುದ್ದಿ ಏಕಲ್ಲ? ಇದರ ಉತ್ತರ ಮುದ್ರಣಾಲಯದಲ್ಲಿದೆ. ಒಳಪುಟ ನ್ಯೂಸ್‌ಪ್ರಿಂಟ್, ಮುಖಪುಟ ಆರ್ಟ್ ಪೇಪರು. ಬಣ್ಣದ ಚಿತ್ರವನ್ನು ಹಳದಿ, ಕೆಂಪು, ನೀಲಿ, ಕಪ್ಪು ಎಂದು ನಾಲ್ಕಾಗಿ ಒಡೆದು, ಒಂದೊಂದಕ್ಕೂ ಬ್ಲಾಕು ಮಾಡಿ, ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಹೊಡೆದು, ನಡುವೆ ಒಣಗಲು ಬಿಡಬೇಕು. ಕಾಗದ ಕೂದಲೆಳೆಯಷ್ಟು ಸರಿದರೆ ಸಾಕು, ‘ರಿಜಿಸ್ಟರ್ ಔಟ್’. ತುಟಿಯ ಕೆಂಪು ಗಲ್ಲಕ್ಕೆ ಹೋಗುತ್ತಿತ್ತು, ಕುಂಕುಮಕ್ಕೆ ನೆರಳು ಮೂಡುತ್ತಿತ್ತು. ಇಷ್ಟೆಲ್ಲ ಮಾಡಲು ದಿನಗಳು ಬೇಕು, ಆದ್ದರಿಂದ ಮುಖಪುಟ ಒಳಪುಟಗಳಿಗಿಂತ ಬಹಳ ಮೊದಲೇ ಅಚ್ಚಾಗಿ ಕಾದಿರುತ್ತಿತ್ತು. ಮುಂದಿನ ವಾರ ಏನಾಗುತ್ತದೆಂದು ಯಾರಿಗೆ ಗೊತ್ತು? ಮಂತ್ರಿ ರಾಜೀನಾಮೆ ಕೊಟ್ಟರೂ ನೆರೆ ಬಂದರೂ ಹಳತಾಗದ ಚಿತ್ರ ಬೇಕು. ಹೆಣ್ಣಿನ ಮುಖ, ಮಗು, ಹೂವು, ಬೇಲೂರಿನ ಶಿಲಾಬಾಲಿಕೆ, ಜೋಗದ ಜಲಪಾತ. ಇವುಗಳನ್ನು ನಾವು ಸಂಪಾದಕರ ಅಭಿರುಚಿ ಎಂದು ಓದುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧ ಮಸಿ ಒಣಗಲು ಹಿಡಿಯುತ್ತಿದ್ದ ಸಮಯ.

ಹಬ್ಬ ಮಾತ್ರ ಮೊದಲೇ ಗೊತ್ತಿರುವ ಸುದ್ದಿ. ಯುಗಾದಿ, ದೀಪಾವಳಿಯ ವಿಶೇಷಾಂಕಗಳಿಗೆ ತಿಂಗಳುಗಟ್ಟಲೆ ತಯಾರಿ ನಡೆಯುತ್ತಿದ್ದದ್ದು ಅದಕ್ಕೇ. ಅವುಗಳಲ್ಲೇ ಕಲಾವಿದರಿಗೆ ಕೈ ತುಂಬ ಜಾಗ. ದಾರದಲ್ಲಿ ವಿಶೇಷಾಂಕಕ್ಕೆ ಬೇರೆ ಸಾಲೇ ಇರುತ್ತಿತ್ತು, ದಪ್ಪಕ್ಕೆ ಕ್ಲಿಪ್ಪು ಹಿಡಿಯುತ್ತಿರಲಿಲ್ಲ, ಅಪ್ಪಯ್ಯ ಸುತಳಿ ಕಟ್ಟುತ್ತಿದ್ದರು. ದೀಪ ಹಿಡಿದ ಹೆಣ್ಣು ಪ್ರತಿ ವರ್ಷವೂ ಬರುತ್ತಿದ್ದಳು ನಿಜ. ಆದರೆ ಫೋಟೋ ಬಿಟ್ಟು ಕುಂಚದ ಚಿತ್ರವನ್ನು ಮುಖಪುಟಕ್ಕೆ ಹಾಕುವ ಧೈರ್ಯವನ್ನು ಕೊನೆಯವರೆಗೂ ಉಳಿಸಿಕೊಂಡದ್ದು ವಿಶೇಷಾಂಕಗಳೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ದಾರದಲ್ಲಿ ನನ್ನ ಬಣ್ಣದ ಮುಖವನ್ನು ನಾನು ಕಾಣಲಿಲ್ಲ. ಅಮ್ಮನ ಬಣ್ಣದ್ದೂ ಇಲ್ಲ, ಅಂಗಡಿಯ ಮುಂದೆ ಹೂ ಮಾರುತ್ತಿದ್ದ ಹೆಂಗಸಿನ ಬಣ್ಣದ್ದೂ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ಕೇಳಿದೆ. ಹಿರಿಯರೊಬ್ಬರು ಸಮಾಧಾನದಿಂದ ವಿವರಿಸಿದರು: “ನೋಡಮ್ಮ, ಕಪ್ಪು ಬ್ಲಾಕಿನ ಚುಕ್ಕಿ ಹೆಚ್ಚಾದರೆ ಮುಖ ಮಸಿ ಕಟ್ಟಿಕೊಳ್ಳುತ್ತೆ. ಕಣ್ಣು ಮೂಗು ಬೇರೆಯಾಗಿ ಕಾಣೋದಿಲ್ಲ. ಅದಕ್ಕೇ ರೀಟಚ್‌ನಲ್ಲಿ ತಿಳಿ ಮಾಡ್ತೀವಿ.” ಅವರು ಹೇಳಿದ್ದು ಸುಳ್ಳಲ್ಲ, ಅಂದಿನ ಬ್ಲಾಕಿಗೆ ಆ ಮಿತಿ ಇತ್ತು. ಆದರೆ ಆಫ್‌ಸೆಟ್ ಬಂತು, ಸ್ಕ್ಯಾನರ್ ಬಂತು, ನವಿರಾದ ಛಾಯೆಗಳೆಲ್ಲ ಕಾಗದದ ಮೇಲೆ ಇಳಿಯತೊಡಗಿದವು. ಮುಖಪುಟದ ಮುಖ ಮಾತ್ರ ಇನ್ನಷ್ಟು ಬೆಳ್ಳಗಾಯಿತು. ಯಂತ್ರದ ಮೇಲೆ ಹೊರಿಸಿದ್ದ ಕಾರಣ ಯಂತ್ರ ಬದಲಾದಾಗ ಬಿದ್ದುಹೋಯಿತು. ಉಳಿದದ್ದು ನಮ್ಮ ಮನಸ್ಸಿನ ಬಣ್ಣ. ಕನ್ನಡ ಪತ್ರಿಕೆಗಳು ಕಥೆಯಲ್ಲಿ, ಲೇಖನದಲ್ಲಿ ಎಷ್ಟೋ ಕಟ್ಟುಗಳನ್ನು ಮುರಿದಿವೆ. ಮುಖಪುಟದಲ್ಲಿ ಇದೊಂದನ್ನು ಮುರಿಯಲಿಲ್ಲ. ದುಡಿಯುವ ಹೆಣ್ಣು, ನರೆತ ತಲೆಯ ಹೆಣ್ಣು ಅಲ್ಲಿಗೆ ಬರಬೇಕಾದರೆ ಪ್ರಶಸ್ತಿಯೋ ಮಹಿಳಾ ದಿನವೋ ಬೇಕಾಯಿತು.

ಇನ್ನು ಅಕ್ಷರ. ಕನ್ನಡದ ಹೆಸರನ್ನು ಮುಖಪುಟದ ನೆತ್ತಿಗೆ ಕೂರಿಸುವುದು ಸುಲಭದ ಕೆಲಸವಲ್ಲ. ನಮ್ಮ ಅಕ್ಷರದ ತಲೆಕಟ್ಟಿನ ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ‘ತರಂಗ’, ‘ಮಯೂರ’ ಎಂದು ಬರೆದರೆ ಅಡಿಯ ಗೆರೆ ನೇರ, ಕೆಳಗಿನ ಮುಖಕ್ಕೆ ತೊಂದರೆಯಿಲ್ಲ. ‘ಕಸ್ತೂರಿ’ಗೆ ತಾವತ್ತು, ‘ಪ್ರಜಾಮತ’ಕ್ಕೆ ರಾವತ್ತು. ಒತ್ತು ತಲೆಗೂದಲಿಗೆ ತಾಗದಂತೆ ಚಿತ್ರವನ್ನು ಸರಿಸಬೇಕು, ಇಲ್ಲವೇ ಒತ್ತನ್ನೇ ಪಕ್ಕಕ್ಕೆ ಎಳೆದು ಚಂದ ಮಾಡಬೇಕು. ದೊಡ್ಡ ಅಳತೆಯ ಅಚ್ಚುಮೊಳೆಗಳು ಕನ್ನಡದಲ್ಲಿ ಕಡಿಮೆ ಇದ್ದದ್ದರಿಂದ ಹೆಸರುಗಳನ್ನೆಲ್ಲ ಕಲಾವಿದರು ಕೈಯಲ್ಲೇ ಬರೆದರು. ಅದು ಕೊರತೆಯಿಂದ ಹುಟ್ಟಿದ ಸಂಪತ್ತು. ಓದಲು ಬಾರದ ನಮ್ಮ ಅಜ್ಜಿ ಕೂಡ ಬರೀ ಆಕಾರ ನೋಡಿ ಪತ್ರಿಕೆಯನ್ನು ಗುರುತಿಸುತ್ತಿದ್ದಳು. ಹೆಸರಿಗೆ ಬಣ್ಣ ಆರಿಸುವುದಕ್ಕೂ ಒಂದು ಕ್ರಮವಿತ್ತು: ಸೀರೆಯಂಚಿನದೋ ಹೂವಿನದೋ ಬಣ್ಣ ಎತ್ತಿಕೊಳ್ಳುವುದು. ಹೆಸರು ಮಂದಿಯ ಬಾಯಲ್ಲಿ ನೆಲೆನಿಂತ ಮೇಲೆ ತಲೆಯನ್ನು ಹೆಸರಿನ ಮುಂದೆ ತರುವ ಧೈರ್ಯ ಬರುತ್ತದೆ. ಹೊಸ ಪತ್ರಿಕೆ ಹಾಗೆ ಮಾಡಲಾರದು.

1980ರಲ್ಲಿ ದಾರಕ್ಕೆ ಬೇರೆಯೇ ತರಹದ್ದೊಂದು ಬಂತು. ‘ಲಂಕೇಶ್ ಪತ್ರಿಕೆ’. ಆರ್ಟ್ ಪೇಪರಿಲ್ಲ, ಜಾಹೀರಾತಿಲ್ಲ, ಕಪ್ಪು ಬಿಳುಪು. ಒಳಗಿನ ಕಾಗದವೇ ಹೊರಗಿನದೂ ಆದ್ದರಿಂದ ಆ ವಾರದ ರಾಜಕೀಯ ಆ ವಾರವೇ ಮುಖಕ್ಕೆ ಬಂತು. ಅಲ್ಲಿ ನೋಡುವ ಕಣ್ಣಿಗಿಂತ ಓದುವ ತಲೆಬರಹ ದೊಡ್ಡದು. ಚಂದ್ರನಾಥ ಆಚಾರ್ಯರಂಥ ಕಲಾವಿದರ ಗೆರೆ ಆ ಪತ್ರಿಕೆಗೆ ಒಂದು ಮುಖವನ್ನೇ ಕೊಟ್ಟಿತು. ಮನೆಯ ವಾರಪತ್ರಿಕೆಗಳೂ ಇದನ್ನು ನೋಡಿದವು. 1983ರಲ್ಲಿ ಮುದ್ರಣಕ್ಕೆ ಹೆಸರಾದ ಮಣಿಪಾಲದಿಂದ, ಸಂತೋಷಕುಮಾರ ಗುಲ್ವಾಡಿಯವರ ಸಂಪಾದಕತ್ವದಲ್ಲಿ ‘ತರಂಗ’ ಬಂದಾಗ ಹೊಳೆಯುವ ಬಣ್ಣ, ಮುಖಪುಟ ಲೇಖನ ಎರಡೂ ಒಟ್ಟಿಗೆ ಇದ್ದವು. ಆಫ್‌ಸೆಟ್ಟಿನಿಂದ ಕಾಯುವ ಸಮಯ ಇಳಿದಿತ್ತು. ಮುಖದ ಪಕ್ಕ ಸಾಲುಗಳು ಹುಟ್ಟಿಕೊಂಡವು: ಹೊಸ ಧಾರಾವಾಹಿ ಆರಂಭ, ಒಳಗೆ ಇಂಥವರ ಸಂದರ್ಶನ, ಇಂತಿಷ್ಟು ಬಗೆಯ ಉಪ್ಪಿನಕಾಯಿ. ಘಟ್ಟದ ಮೇಲಿನ ನಮ್ಮ ಅಂಗಡಿಗೆ ಯಕ್ಷಗಾನದ ವೇಷ, ಕಡಲು ಮುಖಪುಟವಾಗಿ ಹತ್ತಿ ಬಂದವು. ಊರಿನ ಗುರುತು ಮುಖಪುಟಕ್ಕೆ ಬರಬಹುದು ಎಂದು ತೋರಿದ್ದಕ್ಕೆ ನಾನು ಮಣಿಪಾಲಕ್ಕೆ ಋಣಿ.

ತೊಂಬತ್ತರ ದಶಕದ ಕತೆ ಬೇಗ ಮುಗಿಯುತ್ತದೆ. ಡಿಟಿಪಿ ಬಂತು, ಪ್ರಕಾಶಕ್ ಮತ್ತು ಶ್ರೀಲಿಪಿಯ ಫಾಂಟುಗಳು ಬಂದವು, ಕೈಬರಹ ಹೋಯಿತು. ‘ಗೃಹಶೋಭಾ’ದಂಥ ಪತ್ರಿಕೆಗಳ ಜೊತೆ ರೂಪದರ್ಶಿಯರು ಬಂದರು, ಊರು ಯಾವುದೆಂದು ಹೇಳಲಾಗದ ಹಿನ್ನೆಲೆ, ಮುಖದ ಎರಡೂ ಕಡೆ ತುಂಬಿದ ಸಾಲುಗಳು. ಸಾಲು ಹೆಚ್ಚಿದಷ್ಟೂ ಮುಖಪುಟ ಬಡವಾಯಿತೆಂದೇ ನನ್ನ ತೀರ್ಮಾನ. ಈಗ ಮೊಬೈಲಿನಲ್ಲಿ ಮುಖಪುಟ ಹೆಬ್ಬೆರಳಿನ ಉಗುರಿನಷ್ಟಿದೆ. ಆ ಸಾಲುಗಳನ್ನು ಅಲ್ಲಿ ಓದಲಾಗುವುದಿಲ್ಲ, ಹೆಸರು ಮತ್ತು ಕಣ್ಣು ಕಾಣುತ್ತವೆ.

ಇದನ್ನೆಲ್ಲ ಸಾಕ್ಷ್ಯ ಸಹಿತ ಬರೆಯೋಣವೆಂದು ಗ್ರಂಥಾಲಯಗಳಲ್ಲಿ ಹಳೆಯ ಸಂಪುಟಗಳನ್ನು ತೆರೆದೆ. ರಟ್ಟು ಹಾಕಿ ಹೊಲಿದ ದಪ್ಪ ಸಂಪುಟ, ತೆರೆದರೆ ಮೊದಲ ಪುಟವೇ ಪರಿವಿಡಿ. ಮುಂದಿನ ಸಂಚಿಕೆಯೂ ಹಾಗೆಯೇ, ಅದರಾಚೆಯದೂ ಹಾಗೆಯೇ. ಬೈಂಡಿಂಗಿಗೆ ಕೊಡುವಾಗ ಮುಖಪುಟ ಮತ್ತು ಜಾಹೀರಾತಿನ ಹಾಳೆಗಳನ್ನು ಕಿತ್ತು ಹಾಕುವುದು ಬಹಳ ಕಡೆ ನಡೆದುಬಂದ ಪದ್ಧತಿ. ದಪ್ಪ ಕಾಗದ ಹೊಲಿಗೆಗೆ ತೊಡಕು, ಒಳಗಿನ ಬರಹ ಉಳಿದರೆ ಸಾಕು ಎಂಬ ಲೆಕ್ಕ. ಮನೆಗಳಲ್ಲಿ ಕಾದಂಬರಿಯ ಕಂತುಗಳನ್ನು ಕಿತ್ತು ಹೊಲಿದು ಇಟ್ಟುಕೊಂಡವರಿದ್ದಾರೆ. ಮುಖಪುಟಗಳು ಶಾಲೆಯ ಪುಸ್ತಕಕ್ಕೆ ಹೊದಿಕೆಯಾದವು. ಬರೆದ ಕಲಾವಿದರ, ಫೋಟೋ ತೆಗೆದವರ ಹೆಸರು ಪರಿವಿಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಉಳಿದಿದೆ, ಚಿತ್ರವೇ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಮುಖಪುಟ ಸಹಿತ ಉಳಿದ ಪ್ರಜಾಮತ, ಸುಧಾ, ಕರ್ಮವೀರ, ತರಂಗ ಯಾವುದಿದ್ದರೂ ರದ್ದಿಗೆ ಹಾಕಬೇಡಿ. ಹಿಂದೆ ಮುಂದೆ ಎರಡೂ ಬದಿಯ ಫೋಟೋ ತೆಗೆದು, ಸಂಚಿಕೆಯ ತಾರೀಖು, ಪರಿವಿಡಿಯ ಕೆಳಗಿನ ಕಲಾವಿದರ ಹೆಸರು ಬರೆದಿಡಿ. ಗ್ರಂಥಪಾಲಕರೇ, ಇನ್ನು ಮುಂದೆ ಬೈಂಡಿಂಗಿಗೆ ಕೊಡುವಾಗ ದಯವಿಟ್ಟು ಮುಖಪುಟವನ್ನೂ ಸೇರಿಸಿಯೇ ಹೊಲಿಸಿ.